ಕಚ್ಚಾ ಹೊಲಿಗೆಯ ನಿಲುವಂಗಿ

ಅಜ್ಜಿಯ ಕತೆಗಳಲ್ಲಿ ರಾಜಕುಮಾರರು ಏಳು ಸಮುದ್ರ ದಾಟಿ, ಏಳು ಕೋಟೆ ಹತ್ತಿ, ಮೀಸೆ ಬೆಳ್ಳಗಾದ ಮೇಲಷ್ಟೇ ರತ್ನದಂಗಿ ತೊಡುತ್ತಿದ್ದರು. ಹಾಗಾಗಿ, ಕುರ್ಚಿಯೇರಿ ಹನ್ನೊಂದೇ ದಿನವಾದ, ಮೀಸೆಯೇ ಇಲ್ಲದ ಹೊಸ ದೇಶಾಧ್ಯಕ್ಷರಿಗೆ ಮಹಾಶಾಂತಿ ನಿಲುವಂಗಿ ಹೊಲಿಯಬೇಕೆಂಬ ಕಾಗದ ಬಂದಾಗ ಬಾಬಿನ್ ಮೊದಲು ಮಾಡಿದ ಕೆಲಸ ಅದನ್ನು ಮಗುಚಿ ನೋಡಿದ್ದು. ಯಾವ ಸಾಧನೆಗಾಗಿ ಎಂದು ಹಿಂಬದಿಯಲ್ಲಾದರೂ ಬರೆದಿರಬಹುದು ಎಂದುಕೊಂಡಳು. ಹಿಂಬದಿ ಹಾಲಿನಂತೆ ಬೆಳ್ಳಗಿತ್ತು.

ಬಾಬಿನ್ ಎಂಬುದು ಅವಳಿಗೆ ಎರಡನೆಯ ವಯಸ್ಸಿನಲ್ಲಿ ಅಂಟಿಕೊಂಡ ಹೆಸರು. ಹೊಲಿಗೆ ಯಂತ್ರದೊಳಗಿನ ದಾರದ ಬಾಬಿನ್ ಒಂದನ್ನು ನುಂಗಿ ಮೂರು ದಿನ ಇಡೀ ಮನೆಯನ್ನು ತುದಿಗಾಲಲ್ಲಿ ನಿಲ್ಲಿಸಿದ್ದಳು. ಮೂರನೆಯ ದಿನ ಬಾಬಿನ್ ಹೊರಗೆ ಬಂತು, ಹೆಸರು ಒಳಗೇ ಉಳಿಯಿತು. ಈಗ ಅವಳಿಗೆ ಇಪ್ಪತ್ತನಾಲ್ಕು. ಅಜ್ಜಿಯ ಕಣ್ಣು ಮಂಜಾದ ಮೇಲೆ ಅಂಗಡಿಯ ಕತ್ತರಿ ಅವಳ ಕೈಗೆ ಬಂದಿತ್ತು.

ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದೂವರೆ ಕೋಣೆ. ಎರಡು ಕಾಲುತುಳಿತದ ಯಂತ್ರ, ಸುಟ್ಟ ಗುರುತುಗಳ ಇಸ್ತ್ರಿ ಮೇಜು, ಸೀಮೆಸುಣ್ಣದ ಚೂರುಗಳ ಡಬ್ಬಿ. ಮೂಲೆಯಲ್ಲಿ ಅಳತೆಗೆಂದು ನಿಲ್ಲಿಸಿದ ತಲೆಯಿಲ್ಲದ ಮರದ ಗೊಂಬೆ. ಅದಕ್ಕೆ 'ಭಾವ' ಎಂದು ಹೆಸರಿಟ್ಟವರು ಅಜ್ಜಿ. ದಿನವಿಡೀ ನಿಂತಿರುತ್ತದೆ, ಒಂದು ಕಡ್ಡಿ ಈಚೆಯಿಂದ ಆಚೆಗಿಡುವುದಿಲ್ಲ, ಮೈಮೇಲೆ ಮಾತ್ರ ಯಾವಾಗಲೂ ಹೊಸ ಬಟ್ಟೆ ಎಂಬುದು ಅಜ್ಜಿಯ ವಿವರಣೆ. ಬಾಗಿಲ ಮೇಲೊಂದು ಹಿತ್ತಾಳೆಯ ಹಲಗೆ: 'ಮಹಾಶಾಂತಿ ಮಂಡಳಿಯ ಹೊಲಿಗೆಯವರು.' ಮುತ್ತಜ್ಜಿಯ ಕಾಲದಿಂದ ಅದು ಅಲ್ಲೇ ಇತ್ತು. ವರ್ಷಕ್ಕೊಮ್ಮೆ ಮಂಡಳಿಯಿಂದ ಆಕಾಶನೀಲಿ ಬಟ್ಟೆಯ ಒಂದೇ ಒಂದು ಥಾನು ಬರುತ್ತಿತ್ತು. ಅದನ್ನು ನೆಲ ಮುಟ್ಟುವ ನಿಲುವಂಗಿ ಮಾಡಿ ಕೊಡಬೇಕು. ಜಗತ್ತಿನಲ್ಲಿ ಜಗಳ ಬಿಡಿಸಿದವರು ಅದನ್ನು ತೊಟ್ಟು ಚಪ್ಪಾಳೆ ಗಿಟ್ಟಿಸುತ್ತಾರೆ.

ಆ ಹಲಗೆಯ ಜೊತೆಗೆ ಮುತ್ತಜ್ಜಿ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದರು. ಯಾವ ಹೊಲಿಗೆಯವರಾದರೂ ಬಟ್ಟೆ ಮೈಗೆ ಕೂರುತ್ತದೋ ಇಲ್ಲವೋ ನೋಡಲು ಮೊದಲು ಕೈಯಿಂದ ಉದ್ದುದ್ದ ಸಡಿಲ ಹೊಲಿಗೆ ಹಾಕುತ್ತಾರೆ. ಅದು ಕಚ್ಚಾ. ಕೂತಿತು ಎಂದಾದ ಮೇಲೆ ಯಂತ್ರ ತುಳಿದು ಹಾಕುವುದು ಪಕ್ಕಾ. ಶಾಂತಿ ನಿಲುವಂಗಿಗೆ ಮಾತ್ರ ಅಷ್ಟೇ ಸಾಲದು: ತೊಡುವವರು ಮಾಡಿದ ಕೆಲಸ ಕಣ್ಣಿಗೆ ಕಾಣುವ ತನಕ ಯಂತ್ರದ ಚಕ್ರ ತಿರುಗಕೂಡದು. ಇಷ್ಟು ವರ್ಷ ಇದರಿಂದ ಯಾವ ತೊಡಕೂ ಆಗಿರಲಿಲ್ಲ. ಬರುತ್ತಿದ್ದವರೆಲ್ಲ ಮೂವತ್ತು ನಲವತ್ತು ವರ್ಷ ಮಣ್ಣು ಹೊತ್ತ ಬೊಚ್ಚುಬಾಯಿಯವರು. ಒಬ್ಬರಂತೂ ಅಳತೆ ಕೊಡಲು ನಿದ್ದೆಯಲ್ಲೇ ಬಂದು ನಿದ್ದೆಯಲ್ಲೇ ಹೋಗಿದ್ದರು.

ಮರುದಿನ ಮಂಡಳಿಯ ಕಾರ್ಯದರ್ಶಿ ಬಂದರು. ಎಳೆಗೂಸಿನಂತೆ ಸದಾ ಒಂದು ಫೈಲನ್ನು ಎದೆಗೊತ್ತಿಕೊಂಡಿರುವ ಅವರಿಗೆ ಬೀದಿಯವರೆಲ್ಲ ಸೇರಿ ಫೈಲಪ್ಪ ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು.

"ಅಲ್ಲಾ ಸ್ವಾಮಿ, ಈ ಹುಡುಗ ಮಾಡಿದ್ದಾದ್ರೂ ಏನು?" ಎಂದು ಅಜ್ಜಿ ಶುರುಮಾಡಿದರು.

"ಹುಡುಗ ಅನ್ಬೇಡಿ, ಅಧ್ಯಕ್ಷರು. ಪ್ರಮಾಣವಚನದ ದಿನ ಭಾಷಣ ಮಾಡಿದ್ರಲ್ಲ, ಕೇಳ್ಲಿಲ್ವಾ? 'ಜಗಳ ಒಳ್ಳೇದಲ್ಲ' ಅಂದ್ರು. ನಮ್ಮ ಮಂಡಳಿಯ ಏಳೂ ಜನಕ್ಕೆ ಕಣ್ಣಲ್ಲಿ ನೀರು ಬಂತು."

"ಅದೇ ಮಾತು ನಾನು ನನ್ನ ಮಕ್ಕಳಿಗೆ ದಿನಕ್ಕೆ ಮೂರು ಸಲ ಹೇಳ್ತಿದ್ದೆ. ನನಗೊಂದು ಕರವಸ್ತ್ರನೂ ಬರ್ಲಿಲ್ಲ."

"ಇದು ಪ್ರೋತ್ಸಾಹ ಕಣಮ್ಮ. ಮಗು ಮೊದಲ್ನೇ ಹೆಜ್ಜೆ ಇಡೋವಾಗ ಚಪ್ಪಾಳೆ ತಟ್ಟಲ್ವಾ?"

"ತಟ್ತೀವಿ. ಓಟದ ಪಂದ್ಯದ ಕಪ್ ತಂದು ಕೈಗೆ ಕೊಡಲ್ಲ. ಕೊಟ್ರೆ ನಡೆಯೋದು ಬಿಟ್ಟು ಕೂತ್ಕೊಂಡು ಕಪ್ ಕಡಿಯುತ್ತೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗಾಯ್ತು ನಿಮ್ಮದು."

"ಕುಲಾವಿ ಅಲ್ಲ, ನಿಲುವಂಗಿ," ಎಂದು ಫೈಲಪ್ಪ ತಿದ್ದಿದರು. "ಸೋಮವಾರಕ್ಕೆ."

ಬಾಬಿನ್ ಅವರ ಫೈಲಿನೊಳಗೆ ಕಣ್ಣು ಹಾಯಿಸಿದಳು. ಹೆಸರು, ಎತ್ತರ, ಎದೆಸುತ್ತು ಎಲ್ಲ ತುಂಬಿತ್ತು. 'ಕಾರಣ' ಎಂಬ ಕಡೆ ಮಾತ್ರ ಖಾಲಿ. ಅಲ್ಲಿ ಅಳಿಸಿ ಅಳಿಸಿ ಕಾಗದ ಸವೆದಿತ್ತು. ಅವಳು ನೋಡಿದ್ದು ಕಂಡು ಫೈಲಪ್ಪ ಫೈಲು ಮುಚ್ಚಿದರು.

"ನೋಡು ಬಾಬಿನ್ನು, ನಿಮ್ಮಿಂದಾಗಲ್ಲ ಅಂದ್ರೆ ಊರಾಚೆ ಕಾರ್ಖಾನೆಯವರು ಕಾದಿದ್ದಾರೆ. ಬ್ಯಾಂಕಿನ ಕಾವಲುಗಾರರ ಸಮವಸ್ತ್ರ ಹೊಲಿಯೋರು. ಕೇಳದೇನೇ ಎರಡು ಜೇಬು, ಸೀಟಿ ಸಿಕ್ಕಿಸೋಕೆ ಒಂದು ದಾರ ಇಟ್ಟುಕೊಡ್ತಾರೆ. ಆ ಹಲಗೆ ಬಿಚ್ಚೋಕೆ ನಾಲ್ಕೇ ತಿರುಪು." ಹೊರಡುವಾಗ ತಲೆಯೆತ್ತಿ ತಿರುಪುಗಳನ್ನು ಎಣಿಸಿಯೂ ಹೋದರು.

ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹೊಳೆ ಸೇತುವೆ ಬೀಗ ತೆಗೀಲಿ ಅವನು. ಆಮೇಲೆ ನಾನೇ ಎದ್ದು ಮೆಷಿನ್ ತುಳೀತೀನಿ."

ಸೇತುವೆಯ ಕತೆ ಊರಿಗೆಲ್ಲ ಗೊತ್ತಿದ್ದದ್ದೇ. ಹೊಳೆಯ ಈಚೆ ದಡ ಈ ದೇಶ, ಆಚೆ ದಡ ಪಕ್ಕದ ದೇಶ. ನಟ್ಟನಡುವೆ ಆನೆಯೆತ್ತರದ ಕಬ್ಬಿಣದ ಗೇಟು, ಅದಕ್ಕೆ ಎರಡು ಬೀಗ. ಒಂದರ ಕೀಲಿ ಇವರ ಹತ್ತಿರ, ಇನ್ನೊಂದರದು ಅವರ ಹತ್ತಿರ. ಹನ್ನೊಂದು ವರ್ಷದ ಹಿಂದೆ ಯಾವುದೋ ಮಾತಿಗೆ ಮಾತು ಬೆಳೆದು ಮುಚ್ಚಿದ್ದು. ತೆರೆಯಲು ಇಬ್ಬರಿಗೂ ಒಪ್ಪಿಗೆಯಿತ್ತು. ಮೊದಲು ಯಾರು ಎಂಬುದೊಂದೇ ಬಾಕಿ. ಅದಕ್ಕಾಗಿ ಎರಡೂ ಸರ್ಕಾರಗಳು ಒಬ್ಬೊಬ್ಬ ಗುಮಾಸ್ತರನ್ನು ನೇಮಿಸಿದ್ದವು. ದಿನಾ ಬೆಳಗ್ಗೆ ಹತ್ತಕ್ಕೆ ಈಚೆಯ ಗುಮಾಸ್ತರು "ನೀವು ಮೊದಲು!" ಎಂದು ಕೂಗುವರು. ಆಚೆಯವರು "ಇಲ್ಲ, ನೀವು ಮೊದಲು!" ಎನ್ನುವರು. ಇಬ್ಬರೂ ಪುಸ್ತಕದಲ್ಲಿ ಬರೆದುಕೊಂಡು ಮನೆಗೆ ಹೋಗುವರು.

ಅಜ್ಜಿಗೆ ಆ ಸೇತುವೆಯೆಂದರೆ ಹೊಟ್ಟೆಯುರಿ. ಅವರ ಚಿಕ್ಕ ಮಗಳು, ಬಾಬಿನ್ನಳ ಚಿಕ್ಕಮ್ಮ, ಇದ್ದದ್ದು ಆಚೆ ದಡದಲ್ಲಿ. ಗೇಟು ಮುಚ್ಚುವ ಎರಡು ದಿನ ಮೊದಲು ಬಂದು, "ನಾಡಿದ್ದು ತಂದುಕೊಡ್ತೀನಮ್ಮಾ" ಎಂದು ಮುತ್ತಜ್ಜಿಯ ದೊಡ್ಡ ಕತ್ತರಿ ಒಯ್ದಿದ್ದಳು. ಆ ನಾಡಿದ್ದು ಹನ್ನೊಂದು ವರ್ಷದಿಂದ ಬಂದಿರಲಿಲ್ಲ. ಭಾನುವಾರಗಳಂದು ತಾಯಿ ಮಗಳು ಎರಡು ದಡದಲ್ಲಿ ನಿಂತು, ರಟ್ಟಿನ ಕೊಳವೆ ಬಾಯಿಗಿಟ್ಟುಕೊಂಡು ಕೂಗಿ ಮಾತಾಡುತ್ತಿದ್ದರು. ಈಚೆಯಿಂದ ಹೋಗುತ್ತಿದ್ದದ್ದು ಒಂದೇ ಪದ: "ಕತ್ತರೀ!" ಆಚೆಯಿಂದ ಬರುತ್ತಿದ್ದದ್ದು: "ಗಾಳೀ! ಕೇಳ್ಸಲ್ಲಾ!"

ಬಾಬಿನ್ ಎರಡು ದಿನ ಭಾವನ ಮುಂದೆ ಕೂತು ಯೋಚಿಸಿದಳು. ಯಂತ್ರ ತುಳಿದರೆ ಮುತ್ತಜ್ಜಿಯ ಮಾತು ಮುರಿದ ಹಾಗೆ. ತುಳಿಯದಿದ್ದರೆ ಮುತ್ತಜ್ಜಿಯ ಹಲಗೆ ಮುರಿದ ಹಾಗೆ. ಹಿಂದಿನ ಕಾಲವಾಗಿದ್ದರೆ ಭಾವ ಬಾಯಿ ಬಿಟ್ಟು ಒಂದು ಉಪಾಯ ಹೇಳುತ್ತಿದ್ದ. ಆದರೆ ಅವನಿಗೆ ತಲೆಯೇ ಇರಲಿಲ್ಲ. ಕೊನೆಗೆ ಅವಳೇ ಸೂಜಿ ತೆಗೆದುಕೊಂಡಳು. ಕಚ್ಚಾ ಹೊಲಿಗೆ ಎದ್ದು ಕಾಣಲಿ ಎಂದು ಎಲ್ಲರೂ ಬಿಳಿ ದಾರ ಹಾಕುತ್ತಾರೆ. ಅವಳು ಬಟ್ಟೆಯದೇ ಬಣ್ಣದ ನೀಲಿ ದಾರ ಪೋಣಿಸಿ ತೋಳು, ಬೆನ್ನು, ಕಾಲರ್ ಎಲ್ಲವನ್ನೂ ಕಚ್ಚಾದಲ್ಲೇ ಮುಗಿಸಿದಳು. ನೋಡಿದವರಿಗೆ ನಿಲುವಂಗಿ ಪಕ್ಕಾ ಎಂದರೆ ಪಕ್ಕಾ.

ಅಜ್ಜಿಗೆ ನೋಡಬೇಕಾಗಿರಲಿಲ್ಲ. ಹೊಲಿಗೆಯ ಮೇಲೆ ಒಂದು ಬೆರಳು ಆಡಿಸಿದರು. "ಎಳೆದ್ರೆ ಬಂದ್ಬಿಡುತ್ತಲ್ಲೇ!"

"ಎಳೀದಿದ್ರೆ ಬರಲ್ಲಜ್ಜಿ."

"ತೊಡೋನಿಗೆ ಹೇಳ್ತೀಯೋ, ಮೋಸ ಮಾಡ್ತೀಯೋ?"

"ಹೇಳ್ತೀನಿ," ಎಂದಳು ಬಾಬಿನ್.

ಶನಿವಾರ ಅಧ್ಯಕ್ಷರು ಟ್ರಯಲ್‌ಗೆ ಬಂದರು. ಒಳಗೆ ಜಾಗ ಸಾಲದೆಂದು ಫೈಲಪ್ಪ ಬೀದಿಯಲ್ಲೇ ನಿಂತರು. ಅಧ್ಯಕ್ಷರು ಉದ್ದನೆಯ ಆಳು. ಮಾತಿಗಿಂತ ಮುಂಚೆ ಕೈ ಓಡುವ ಸ್ವಭಾವ. "ನಮಸ್ಕಾರ" ಎನ್ನುವಷ್ಟರಲ್ಲಿ ದಾರದ ಉಂಡೆಗಳ ತಟ್ಟೆ ಕೆಳಗಿತ್ತು.

"ಸಾರ್, ಒಂದು ಮಾತು," ಎಂದು ಬಾಬಿನ್ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. "ನೀವಿನ್ನೂ ಏನೂ ಮಾಡಿಲ್ವಲ್ಲ ಸಾರ್, ಅದಕ್ಕೆ ಪಕ್ಕಾ ಹಾಕೋ ಹಾಗಿಲ್ಲ. ಇದು ಬರೀ ಕಚ್ಚಾ. ಕೈ ಸೊಂಟಕ್ಕಿಂತ ಮೇಲೆತ್ತಿದ್ರೆ ತೋಳು ಹೋಗುತ್ತೆ. ಬಗ್ಗಿದ್ರೆ ಬೆನ್ನು ಹೋಗುತ್ತೆ. ಜೋರಾಗಿ ಸೀನಿದ್ರೆ ಏನೇನು ಹೋಗುತ್ತೋ ನನಗೂ ಗೊತ್ತಿಲ್ಲ."

ಅಧ್ಯಕ್ಷರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. ಆಮೇಲೆ ಇಸ್ತ್ರಿ ಮೇಜಿನ ಅಂಚಿಗೆ ಮೆಲ್ಲಗೆ ಒರಗಿದರು. ಅವರ ಮುಖ, ಬಿಗಿ ಚಪ್ಪಲಿ ಕಳಚಿದವರ ಮುಖದ ಹಾಗೆ ಸಡಿಲವಾಯಿತು.

"ನಾನೇನು ಕೇಳಿದ್ನಾ ತಂಗಿ ಇದನ್ನ? ಆಫೀಸಲ್ಲಿ ಲೈಟಿನ ಸ್ವಿಚ್ ಎಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ಲ, ಕುರ್ಚಿ ಎತ್ತರ ಸರಿ ಮಾಡ್ಕೊಂಡಿಲ್ಲ. ಫೋನ್ ಬಂತು, ಶಾಂತಿ ಅಂದ್ರು. ಸೋಪು ಮಾರೋರು ಅಂದ್ಕೊಂಡು ಬೇಡ ಅಂದೆ. ಬೇಡ ಅಂದಿದ್ದಕ್ಕೆ ಎಂಥಾ ವಿನಯ ಅಂತ ಇನ್ನೂ ಖುಷಿಯಾದ್ರು."

"ಹಾಗಾದ್ರೆ ಬಿಟ್ಟುಬಿಡಪ್ಪ," ಎಂದರು ಅಜ್ಜಿ.

"ಹೇಗೆ ಬಿಡ್ಲಿ ಅಜ್ಜಿ? ನಮ್ಮಮ್ಮ ಆಗಲೇ ಬೀದೀಗೆಲ್ಲ ಹೇಳಿದ್ದಾಳೆ." ಅವರು ತೋಳಿನ ಹೊಲಿಗೆಯನ್ನು ಪ್ರೀತಿಯಿಂದ ನೋಡಿದರು. "ಇದು ಟ್ರಯಲ್ ಅಂತಾಯ್ತಲ್ಲ. ಹಾಗಿದ್ರೆ ತೊಟ್ಕೋಬಹುದು. ಮೈಗೆ ಕೂರುತ್ತೋ ಇಲ್ವೋ ನೋಡೋಣ."

ಸೋಮವಾರ ಬೆಳಗ್ಗೆ ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷರು ಎರಡೂ ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ಮೈಮೇಲೆ ನೀರಿನ ಕೊಡಗಳಿವೆಯೇನೋ ಎಂಬಂತೆ ನಡೆದು ಬಂದರು. ಭಾಷಣದಲ್ಲಿ ಬೆರಳೂ ಅಲುಗಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅದಾಗಿಯೇ ಬೇಸತ್ತು ಹೋಗುವ ತನಕ ಕಾದರು. "ನೊಣದ ಜೊತೆಗೂ ಜಗಳ ಇಲ್ಲ!" ಎಂದು ಮುಂದಿನ ಸಾಲಿನವರೊಬ್ಬರು ಬಿಕ್ಕಿದರು. ಹಿಂದಿನ ಸಾಲಿನಲ್ಲಿ ಬಾಬಿನ್ ಸೀನಿಗೆ ಹೆದರಿ ಉಸಿರು ಬಿಗಿಹಿಡಿದು ಕೂತಿದ್ದಳು.

ಎಲ್ಲ ಸರಿಹೋಗುತ್ತಿತ್ತು, ಮುಖ್ಯ ಅತಿಥಿಯೊಬ್ಬರು ಇಲ್ಲದಿದ್ದರೆ. ಪಕ್ಕದ ದೇಶದ ಪ್ರಧಾನಿಯನ್ನು ಅವರ ಜನ ಪ್ರಧಾನಮ್ಮ ಎನ್ನುತ್ತಿದ್ದರು. ದೊಡ್ಡ ಹೆಂಗಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಕೈಚೀಲ. ಸೇತುವೆ ಮುಚ್ಚಿದ್ದರಿಂದ ಹೊಳೆ ದಾಟಲು ವಿಮಾನದಲ್ಲಿ ಬಂದಿದ್ದರು. ಅದು ಮೇಲೇರುವ ಮೊದಲೇ ಇಳಿಯಬೇಕಾಗಿ ಬಂದು ಚಾಲಕ ಬಹಳ ನೊಂದಿದ್ದ. ಕಂಡವರನ್ನೆಲ್ಲ ಅಪ್ಪಿಕೊಳ್ಳುವುದು ಅವರ ಅಭ್ಯಾಸ. ಬಾಗಿಲಲ್ಲಿ ಇಬ್ಬರು ಕಾವಲುಗಾರರನ್ನೂ ಒಂದು ಹೂಕುಂಡವನ್ನೂ ಆಗಲೇ ಅಪ್ಪಿಯಾಗಿತ್ತು.

"ಏನು ತಮ್ಮಾ, ಬೊಂಬೆ ಹಾಗೆ ನಿಂತಿದ್ದೀಯಾ? ಬಾರೋ ಇಲ್ಲಿ!" ಎಂದು ಅಧ್ಯಕ್ಷರ ಬಲತೋಳು ಹಿಡಿದು ಎಳೆದರು.

ಸುರ್ರ್ ಎಂದಿತು.

ಅಧ್ಯಕ್ಷರು ಇದ್ದಲ್ಲೇ ಇದ್ದರು. ತೋಳು ಹೋಗಿತ್ತು. ಪ್ರಧಾನಮ್ಮ ಕೈಯಲ್ಲಿ ಜೋತ ನೀಲಿ ತೋಳನ್ನು ನೋಡಿದರು, ಸಭೆಯನ್ನು ನೋಡಿದರು, ಬೇರೇನೂ ತೋಚದೆ ಅದನ್ನು ಕೈಚೀಲಕ್ಕೆ ತುರುಕಿ ಚಿಲಕ ಹಾಕಿ ಹೊರಟೇಬಿಟ್ಟರು. ಹತ್ತು ನಿಮಿಷದಲ್ಲಿ ಅವರ ವಿಮಾನ ಹೊಳೆಯಾಚೆ ಇತ್ತು.

ಅಧ್ಯಕ್ಷರು ಬಗ್ಗದೆ ಮೈಕಿನ ಹತ್ತಿರ ಸರಿದು, "ಟ್ರಯಲ್‌ನಲ್ಲಿ ಹೀಗೆಲ್ಲ ಆಗುತ್ತೆ," ಎಂದರು.

ಫೈಲಪ್ಪ ಆ ಮಧ್ಯಾಹ್ನವೇ ತಿರುಪುಳಿ ಹಿಡಿದುಕೊಂಡು ಅಂಗಡಿಗೆ ಬಂದರು. "ಗುರುವಾರ ಗೋಡೆಗೆ ಹಾಕೋ ಫೋಟೋ. ಅಷ್ಟರಲ್ಲಿ ಎರಡು ತೋಳೂ ಇರ್ಬೇಕು, ಕಿತ್ತುಹೋದದ್ದು ಪಕ್ಕಾ ಆಗಿರ್ಬೇಕು. ಇಲ್ಲಾಂದ್ರೆ ಹಲಗೆ ಇಳೀತು ಅಂತ ತಿಳ್ಕೊ."

ಹೊಸ ತೋಳು ಕತ್ತರಿಸಲು ಬಟ್ಟೆಯ ಒಂದು ಗೇಣೂ ಮಿಕ್ಕಿರಲಿಲ್ಲ. ತೋಳನ್ನು ಕಳಿಸಿಕೊಡಿ ಎಂದು ಅಧ್ಯಕ್ಷರು ಗುಮಾಸ್ತರ ಮೂಲಕ ಗೇಟಿನಾಚೆಗೆ ಕೂಗಿಸಿದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಬೇರೆ ವಾಕ್ಯ ಕೂಗಬೇಕಾಗಿ ಬಂದು ಗುಮಾಸ್ತರ ಗಂಟಲು ಕಟ್ಟಿತು. ಮಂಗಳವಾರ ಆಚೆಯಿಂದ ಉತ್ತರ ಬಂತು: "ಕಿತ್ತವಳು ನಾನು, ತಂದುಕೊಡೋಳೂ ನಾನೇ. ಕದ್ದ ಮಾಲಿನ ಹಾಗೆ ಗೇಟಿನ ಮೇಲಿಂದ ಎಸೆಯೋಳಲ್ಲ. ಚಾಲಕ ಮುನಿಸಿಕೊಂಡು ರಜೆ ಹಾಕಿದ್ದಾನೆ. ನಡೆದೇ ಬರ್ತೀನಿ."

ನಡೆದು ಬರಬೇಕೆಂದರೆ ಗೇಟು ತೆರೆಯಬೇಕು.

ಬುಧವಾರ ಹತ್ತು ಗಂಟೆಗೆ ಅರ್ಧ ಊರು ಸೇತುವೆಯ ಮೇಲಿತ್ತು. ಅಧ್ಯಕ್ಷರು ಒಂದು ತೋಳಿನ ನಿಲುವಂಗಿ ತೊಟ್ಟು, ಕೀಲಿ ಹಿಡಿದು ಬಂದರು. ಬಾಬಿನ್ ಸೂಜಿಯ ಡಬ್ಬಿ ತಂದಿದ್ದಳು. ಅಜ್ಜಿ ಒಂದು ಯಂತ್ರವನ್ನೇ ತಳ್ಳುಗಾಡಿಯಲ್ಲಿ ಹೇರಿಸಿ ತಂದಿದ್ದರು, "ಕೆಲಸ ಕಂಡರೆ ಅಲ್ಲೇ ಹಾಕ್ತೀನಿ, ಕಾಣದಿದ್ರೆ ವಾಪಸ್ ತಳ್ಕೊಂಡು ಹೋಗ್ತೀನಿ" ಎಂದು. ಫೈಲಪ್ಪನವರ ಬಲಗೈಯಲ್ಲಿ ಫೈಲು, ಎಡಗೈಯಲ್ಲಿ ತಿರುಪುಳಿ. ಗೇಟಿನಾಚೆ ಕೈಚೀಲ ಹಿಡಿದ ಪ್ರಧಾನಮ್ಮ. ಅವರ ಹಿಂದೆ, ಮಿರಮಿರ ಮಿಂಚುವ ಕತ್ತರಿ ಎತ್ತಿ ಹಿಡಿದ ಚಿಕ್ಕಮ್ಮ.

"ನೀವು ಮೊದಲು!" ಎಂದರು ಈಚೆಯ ಗುಮಾಸ್ತರು, ಅಭ್ಯಾಸಬಲದಿಂದ.

"ಸುಮ್ನಿರಿ," ಎಂದರು ಅಧ್ಯಕ್ಷರು. "ನಾನೇ ಮೊದಲು ತೆಗೀತೀನಿ."

ಸೇತುವೆಯ ಕೆಳಗೆ ನೀರೂ ನಿಂತಿತೇನೋ ಎನಿಸಿತು ಬಾಬಿನ್ನಳಿಗೆ. ಆದರೆ ಪ್ರಧಾನಮ್ಮನ ಮುಖ ಕೆಂಪಾಯಿತು.

"ಅದ್ಹೇಗೆ ನೀನು ಮೊದಲು? ವಯಸ್ಸಲ್ಲಿ ನಾನು ದೊಡ್ಡೋಳು. ನಾನು ಮೊದಲು!"

"ಅಕ್ಕಾ, ಹನ್ನೊಂದು ವರ್ಷ 'ನೀವು ಮೊದಲು' ಅಂತ ನಮಗೆ ನೀವೇ ಅಂದಿದ್ರಿ!"

"ಆಗ ಅಂದಿದ್ದೆ, ಈಗ ಅನ್ನಲ್ಲ!"

"ಅಯ್ಯೋ ನಿಮ್ಮ!" ಎಂದು ಅಜ್ಜಿ ತಳ್ಳುಗಾಡಿಯನ್ನು ಗುದ್ದಿದರು. "ದಾರ ಪೋಣಿಸುವಾಗ ಸೂಜಿ ಮೊದಲು ಬಂತೋ, ದಾರ ಮೊದಲು ಬಂತೋ ಅಂತ ಯಾರಾದ್ರೂ ಕೇಳ್ತಾರಾ? ಹಾಕ್ರೋ ಕೀಲಿ ಇಬ್ರೂ!"

ಇಬ್ಬರೂ ಬೈಸಿಕೊಂಡ ಮಕ್ಕಳಂತೆ ಕೀಲಿ ಹಾಕಿದರು. ತಿರುಗಲಿಲ್ಲ. ಬೀಗದೊಳಗೆ ಹನ್ನೊಂದು ವರ್ಷದ ತುಕ್ಕು ಉಂಡು ಮಲಗಿತ್ತು. ಎರಡು ದೇಶಗಳ ಮುಖ್ಯಸ್ಥರು ಹಲ್ಲು ಕಚ್ಚಿ ತಿರುಚುತ್ತಿದ್ದರೆ, ಬಾಬಿನ್ ಯಂತ್ರದ ಡ್ರಾಯರ್ ಎಳೆದು, ಕೊಕ್ಕರೆಯ ಕೊಕ್ಕಿನಂಥ ಮೂತಿಯ ಪುಟ್ಟ ಎಣ್ಣೆಡಬ್ಬಿ ತೆಗೆದಳು. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ. ಈಚೆಯ ಬೀಗಕ್ಕೆ ಮೂರು ಹನಿ. ಸಂದಿಯಲ್ಲಿ ಕೈ ತೂರಿಸಿ ಆಚೆಯದಕ್ಕೂ ಮೂರು ಹನಿ. "ನಮಗೆ ಮೊದಲು ಬಿಟ್ರು," ಎಂದು ಈಚೆಯ ಗುಮಾಸ್ತರು ಬರೆದುಕೊಂಡರು.

ಖಟಕ್. ಖಟಕ್. ಯಾವ ಖಟಕ್ ಯಾರದೆಂದು ಇಂದಿಗೂ ತೀರ್ಮಾನವಾಗಿಲ್ಲ. ಎರಡೂ ಪುಸ್ತಕಗಳಲ್ಲಿ 'ನಾವು ಮೊದಲು' ಎಂದೇ ಇದೆ.

ಗೇಟು ಮಾತ್ರ ಜಗ್ಗಲಿಲ್ಲ. ಅಧ್ಯಕ್ಷರು ಒಂದು ಕ್ಷಣ ನಿಂತು ತಮ್ಮ ಎಡತೋಳನ್ನು ನೋಡಿಕೊಂಡರು. ಬಾಬಿನ್ನಳ ಮುಖ ನೋಡಿದರು. "ಹೋದ್ರೆ ಹೋಗ್ಲಿ ತಂಗಿ," ಎಂದವರೇ ಎರಡೂ ಕೈ ಮೇಲೆತ್ತಿ ಕಬ್ಬಿಣದ ಸರಳು ಹಿಡಿದು ಎಳೆದರು. ಆಚೆಯಿಂದ ಪ್ರಧಾನಮ್ಮ ಹೂಕುಂಡ ಅಪ್ಪಿದಂತೆ ಗೇಟನ್ನಪ್ಪಿ ತಳ್ಳಿದರು. ಎಡತೋಳು ಸುರ್ರ್ ಎಂದಿತು. ಬೆನ್ನು ಸುರ್ರ್ ಎಂದಿತು. ಕಾಲರ್ ಹಾರಿ ಫೈಲಪ್ಪನವರ ಕತ್ತಿಗೆ ಬಿತ್ತು. ಗೇಟು ಕಿರ್ರೋ ಎಂದು ಬಾಯಿ ಬಿಟ್ಟಾಗ ಅಧ್ಯಕ್ಷರು ಶರಟು ಪ್ಯಾಂಟಿನಲ್ಲಿ ನಿಂತಿದ್ದರು, ಸುತ್ತ ನೀಲಿ ಬಟ್ಟೆಯ ಚೂರುಗಳು ತುಂಡು ತುಂಡು ಆಕಾಶದ ಹಾಗೆ ಬಿದ್ದಿದ್ದವು.

ಫೈಲಪ್ಪ ತಿರುಪುಳಿ ಜೇಬಿಗಿಟ್ಟು ಪೆನ್ನು ತೆಗೆದರು. 'ಕಾರಣ' ಎಂಬ ಕಡೆ, ಸವೆದ ಕಾಗದ ಹರಿಯದಂತೆ ನಾಲಿಗೆ ಕಚ್ಚಿಕೊಂಡು 'ಸೇತುವೆ' ಎಂದು ಬರೆದರು. ಬರೆದು ಮೂರು ಸಲ ಓದಿ, ಮೂಗೊರೆಸಿಕೊಂಡರು. "ಹಲಗೆ ಅಲ್ಲೇ ಇರ್ಲಿ ಬಾಬಿನ್ನು," ಎಂದರು, ಕತ್ತಿನಲ್ಲಿ ಕಾಲರ್ ಹಾಗೆಯೇ ಇತ್ತು.

ಪ್ರಧಾನಮ್ಮ ಕೈಚೀಲದಿಂದ ತೋಳು ತೆಗೆದು ಎರಡೂ ಕೈಯಲ್ಲಿ ಒಪ್ಪಿಸಿದರು. ಅಜ್ಜಿ ಮಂಜುಗಣ್ಣನ್ನು ತೆರೆದ ಗೇಟಿನತ್ತ ಹೊರಳಿಸಿ, ಅತ್ತಣಿಂದ ಬೀಸಿದ ಗಾಳಿಗೆ ಮುಖವೊಡ್ಡಿ, "ಕಂಡೆ" ಎಂದರು. ಯಂತ್ರದ ಚಕ್ರ ತಿರುಗಿತು. ಬಾಬಿನ್ ಬಟ್ಟೆ ಹಿಡಿದಳು, ಅಜ್ಜಿ ತುಳಿದರು; ಬಲತೋಳು ಹೆಗಲಿನ ತುಂಡಿಗೆ ಪಕ್ಕಾ ಆಯಿತು.

"ಎಡದ್ದು?" ಎಂದರು ಅಧ್ಯಕ್ಷರು ಆಸೆಯಿಂದ.

"ಒಂದು ಸೇತುವೆಗೆ ಒಂದು ತೋಳಪ್ಪ. ಮಿಕ್ಕ ಹೊಲಿಗೆಗೆ ಮಿಕ್ಕ ಕೆಲಸ ಮಾಡು." ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದರು. ಕಡಿದಾಗ ಕತ್ತರಿಯ ನೆನಪಾಯಿತು. ಕತ್ತರಿ ಚಿಕ್ಕಮ್ಮನ ಸಮೇತ ಎದುರಿಗೇ ನಿಂತಿತ್ತು.

"ನಾಡಿದ್ದು ಅಂದಿದ್ದೆಯಲ್ಲೇ, ಬಂತೇನೇ ನಿನ್ನ ನಾಡಿದ್ದು?"

"ಬಂದ ತಕ್ಷಣ ಶುರುವಾಯ್ತಾ? ಸಾಣೆ ಹಿಡಿಸಿ ತಂದಿದ್ದೀನಿ, ಹೇಗಿದ್ದೀಯಾ ಅಂತ ಒಂದು ಮಾತಾದ್ರೂ ಕೇಳಿದ್ಯಾ?"

"ಸಾಣೆ ಹಿಡ್ಸು ಅಂತ ನಿನಗೆ ಹೇಳಿದ್ಯಾರು? ಅದರ ಬಾಯಿ ಕೆಡ್ಸಿದ್ದೀಯಾ!"

ಹನ್ನೊಂದು ವರ್ಷ ಗಾಳಿ ತಿಂದುಹಾಕಿದ್ದ ಮಾತೆಲ್ಲ ಒಟ್ಟಿಗೆ ಹೊರಬಿತ್ತು. ಅಧ್ಯಕ್ಷರು ಪಕ್ಕಾ ಆದ ಆ ತೋಳನ್ನು ತೊಟ್ಟುಕೊಂಡು ನಡುವೆ ಬಂದು, ಬಲಗೈಯನ್ನು ಧೈರ್ಯವಾಗಿ ಮೇಲೆತ್ತಿ, "ಜಗಳ ಒಳ್ಳೇದಲ್ಲ," ಎಂದರು.

"ನೀವು ಸುಮ್ನಿರಿ!" ಎಂದರು ತಾಯಿ ಮಗಳು ಒಟ್ಟಿಗೆ.

ಗುರುವಾರ ತೆಗೆದ ಆ ಫೋಟೋ ಈಗಲೂ ಮಂಡಳಿಯ ಗೋಡೆಯ ಮೇಲಿದೆ. ಅಧ್ಯಕ್ಷರ ಬಲಗೈ ಆಕಾಶಕ್ಕೆ ಚಾಚಿದೆ, ಎಡಗೈ ತೊಡೆಗೆ ಅಂಟಿಕೊಂಡಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಎಡತೋಳಿನ ಸುತ್ತ ಉದ್ದುದ್ದ ಕಚ್ಚಾ ಹೊಲಿಗೆ ಕಾಣುತ್ತದೆ. ಈ ಸಲ ಬಾಬಿನ್ ಬಿಳಿ ದಾರ ಹಾಕಿದ್ದಳು.